ಮುನಿರತ್ನಮ್ಮ ಬಿಟ್ಟ ಮಾತ್ರೆ

ಕೊರೊನಾ ಮುಗಿದು ಪ್ರಾರ್ಥನಾ ಕೂಟಗಳು ಮತ್ತೆ ಶುರುವಾಗಿದ್ದ ವರ್ಷ. ಪೆಂತೆಕೊಸ್ತ್ ಸಭೆಯೊಂದರ ಸಂಚಾರಿ ಸುವಾರ್ತಿಕನಾಗಿ ನಾನು ಹೊಸಕೋಟೆ ತಾಲ್ಲೂಕಿಗೆ ಬಂದು ಎರಡು ವರ್ಷವಾಗಿತ್ತು. ಹಳೆಯ ಬೈಕು, ಹೆಗಲಿಗೊಂದು ಬ್ಯಾಗು. ಸೂಲಿಬೆಲೆಯಿಂದ ಜಡಿಗೇನಹಳ್ಳಿಯವರೆಗೆ ಯಾರು ಕರೆದರೆ ಅವರ ಮನೆಯಲ್ಲಿ ಪ್ರಾರ್ಥನೆ. ಇಷ್ಟು ವರ್ಷದ ಸೇವೆಯಲ್ಲಿ ಮದುವೆ ಮಾಡಿಸಿದ್ದೇನೆ, ಮಣ್ಣು ಮಾಡಿಸಿದ್ದೇನೆ, ಊರ ಬಾಗಿಲಲ್ಲಿ ಬೈಸಿಕೊಂಡಿದ್ದೇನೆ. ಅದೆಲ್ಲ ಮರೆತಿದೆ. ಮುನಿರತ್ನಮ್ಮನ ವಿಷಯ ನೆನೆದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಆಕೆ ಜಡಿಗೇನಹಳ್ಳಿ ಕಡೆಯವಳು, ವಿಧವೆ. ಎರಡು ಸೀಮೆಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ ಮಗಳನ್ನು ಓದಿಸುತ್ತಿದ್ದಳು. ಚಿಕ್ಕಂದಿನಿಂದ ಫಿಟ್ಸ್ ಇತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದುದರಿಂದ ನಾಲ್ಕು ವರ್ಷದಿಂದ ಬಂದಿರಲಿಲ್ಲ.

ಒಂದು ಉಪವಾಸ ಕೂಟದಲ್ಲಿ ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಪ್ರಾರ್ಥನೆ ಮುಗಿದ ಮೇಲೆ ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನಗೇನು ಮಾಡಿದನೆಂದು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಆಕೆ ಎದ್ದಳು, ಕೈಚೀಲದಿಂದ ಮಾತ್ರೆಯ ಶೀಟು ತೆಗೆದು ನನ್ನ ಕೈಗಿಟ್ಟಳು.

"ಇನ್ಮೇಲೆ ನಂಗೆ ಇದು ಬ್ಯಾಡ ಪಾಸ್ಟ್ರೇ. ಯೇಸಪ್ಪ ವಾಸಿ ಮಾಡವ್ರೆ."

ಜನ ಚಪ್ಪಾಳೆ ತಟ್ಟಿದರು. ಬುದ್ಧಿಯಿದ್ದವನಾದರೆ ಅಲ್ಲೇ ಹಿಂದಕ್ಕೆ ಕೊಡುತ್ತಿದ್ದ. ನಾನು ಆ ಶೀಟನ್ನು ಮೇಲೆತ್ತಿ ತೋರಿಸಿ, ಹಲ್ಲೆಲೂಯಾ ಎಂದು ಕೂಗಿ, ಬ್ಯಾಗಿಗೆ ಹಾಕಿಕೊಂಡೆ. ಚಪ್ಪಾಳೆಯ ರುಚಿ ಅಂಥದ್ದು.

ಮೂರನೇ ವಾರ ಹಂಡೆ ಒಲೆಗೆ ಉರಿ ಹಾಕುತ್ತಿದ್ದಾಗ ಫಿಟ್ಸ್ ಬಂದು ಆಕೆ ಒಲೆಯ ಮೇಲೆಯೇ ಬಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತು. ಹಾಲು ಕರೆಯುವ ಕೈ ಅದು. ಫಿಟ್ಸ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ರೋಗ ಜೋರಾಗಿ ತಿರುಗಿ ಬರುತ್ತದಂತೆ. ಸುದ್ದಿ ಕೇಳಿ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ, "ಮಾತ್ರೆ ಬಿಡ್ಸಿದ್ದು ಯಾರ್ರೀ?" ಎಂದು ಕೇಳಿದಾಗ ನಾನು ಹೆಗಲ ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ.

ಜೊತೆಗೆ ಬಂದಿದ್ದ ನಮ್ಮ ಹಿರಿಯ ಪಾಸ್ಟರು ಆಕೆಗೆ ಕೇಳುವಂತೆಯೇ ಅಂದರು: "ನಂಬಿಕೆ ಸಾಲ್ದು ಬ್ರದರ್. ಒಳಗೆ ಸಂಶಯ ಇಟ್ಕೊಂಡಿರ್ತಾಳೆ."

ಆಮೇಲೆ ಎದುರಿನ ಹೋಟೆಲಿಗೆ ಹೋದೆವು. ಇಡ್ಲಿ ಬರುವ ಮೊದಲು ಅವರು ಜೇಬಿನಿಂದ ಶುಗರ್ ಮಾತ್ರೆ ತೆಗೆದು ನುಂಗಿದರು. ನನ್ನ ಪಿತ್ತ ನೆತ್ತಿಗೇರಿತು.

"ನಿಮ್ಗೆ ನಂಬಿಕೆ ಎಷ್ಟಿದೆ ಪಾಸ್ಟ್ರೇ?" ಎಂದೆ. ಅವರು ಇಡ್ಲಿ ಬಿಟ್ಟು ಎದ್ದು ಹೋದರು.

ಅವರ ಮೇಲೆ ಹಾರಾಡಿದ ನಾನೇನು ಸಾಚಾನೇ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆ. ಆ ಕೂಟದ ಬೆಳಿಗ್ಗೆಯೂ ನುಂಗಿಯೇ ಹೋಗಿದ್ದೆ. ಮೂರು ವಾರ ಆಕೆಯ ಶೀಟು ನನ್ನ ಬ್ಯಾಗಿನಲ್ಲಿ ನನ್ನ ಶೀಟಿನ ಪಕ್ಕದಲ್ಲೇ ಬಿದ್ದಿತ್ತು. ನಾನು ಮಾತ್ರ ದಿನಾ ಕೈಹಾಕಿ ನನ್ನದನ್ನು ತೆಗೆದುಕೊಳ್ಳುತ್ತಿದ್ದೆ. ನಾಚಿಕೆಗೆಟ್ಟವನು.

ವಾರ್ಡಿಗೆ ಹಿಂದಿರುಗಿ ಎರಡೂ ಶೀಟುಗಳನ್ನು ಆಕೆಯ ಹಾಸಿಗೆಯ ಮೇಲಿಟ್ಟೆ. "ಇದು ನಂದು ಕಣಮ್ಮ. ನಾನೂ ದಿನಾ ತಗೋತೀನಿ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಎರಡನ್ನೂ ನೋಡಿ ಕೇಳಿದಳು: "ಅವತ್ತು ಅಷ್ಟು ಜನ್ರ ಮುಂದೆ ನಾನು ನಂದು ತೋರಿಸ್ದೆ. ನೀವ್ಯಾಕೆ ನಿಮ್ದು ತೋರಿಸ್ಲಿಲ್ಲ ಪಾಸ್ಟ್ರೇ?"

ಈಗ ಪ್ರತಿ ಕೂಟದಲ್ಲೂ ರೋಗಿಗಳಿಗಾಗಿ ಪ್ರಾರ್ಥಿಸುವ ಮೊದಲು, ಎಲ್ಲರ ಎದುರು ನನ್ನ ಮಾತ್ರೆ ನುಂಗಿ ನೀರು ಕುಡಿಯುತ್ತೇನೆ. ನನ್ನ ಸಾಕ್ಷಿ ಅದೇ. ದೊಡ್ಡ ಕೂಟಗಳಿಗೆ ನನ್ನನ್ನು ಕರೆಯುವುದು ನಿಂತಿದೆ, ನಿಲ್ಲಲಿ. ಇನ್ನೊಬ್ಬರ ನಂಬಿಕೆಯನ್ನು ಎತ್ತಿ ತೋರಿಸುವವನು ಮೊದಲು ತನ್ನ ಬ್ಯಾಗು ಬಿಚ್ಚಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದು ಆಕೆಯ ಕೈಯ ಬೆಲೆಗೆ.

ಮುನಿರತ್ನಮ್ಮ ಮಾತ್ರೆ ತಪ್ಪಿಸುತ್ತಿಲ್ಲ. ಬಲಗೈ ಬೆರಳು ಮಡಚಲು ಬರುವುದಿಲ್ಲವಾದ್ದರಿಂದ ಹಸುಗಳನ್ನು ಮಾರಿದ್ದಾಳೆ.