ಕಳ್ಳಂಬೆಳ್ಳದ ಯಶೋದ ಹಡಗಿನ ಊಟ ಬಡಿಸಲು ಕಲಿತದ್ದು

ಮೂಡಲು ಬೆಳ್ಳಗಾಗುವ ಹೊತ್ತಿಗೆ ಬೋರಲು ಹಾಕಿದ ಬುಟ್ಟಿ, ಮಂಕರಿಯಡಿಯ ಕುರಿಮರಿಗಳು ಕೂಗಲು ಶುರುಮಾಡುತ್ತವೆ. ಮೊದಲು ಒಂದೇ ಒಂದು, ನೂಲಿನಷ್ಟು ಸಣ್ಣ ದನಿಯಲ್ಲಿ. ಅದರ ಹಿಂದೆ ಇನ್ನೊಂದು. ಆಮೇಲೆ ಬೇಲಿ ಕಟ್ಟಿದ ರೊಪ್ಪದೊಳಗಿಂದ ತಾಯಿಕುರಿಗಳು ಒಂದೊಂದಾಗಿ ಉತ್ತರ ಕೊಡುತ್ತವೆ. ಕಳ್ಳಂಬೆಳ್ಳದ ಕೆರೆಯ ಹಿಂದಿನ ಆ ಹಟ್ಟಿಯಲ್ಲಿ ಯಾರಿಗೂ ಅಲಾರಂ ಬೇಕಿಲ್ಲ. ಯಶೋದ ಆ ಕೂಗಿಗೇ ಏಳುತ್ತಾಳೆ, ಮಂಕರಿ ಎತ್ತಿ ಮರಿಗಳನ್ನು ಬಿಡುತ್ತಾಳೆ, ಮುಖ ತೊಳೆದು ಒಲೆ ಹಚ್ಚುತ್ತಾಳೆ. ಮದುವೆಯ ದಿನಗಳಲ್ಲಾದರೆ ಆರು ಗಂಟೆಗೆ ರಸ್ತೆಯ ಬದಿಯಲ್ಲಿ ನಿಂತಿರಬೇಕು. ಶಿರಾದಿಂದ ರಂಗಸ್ವಾಮಿಯ ಟೆಂಪೊ ಬರುತ್ತದೆ.

ಯಶೋದಳಿಗೆ ಮೂವತ್ತನಾಲ್ಕು. ಸೋದರತ್ತೆ ಪುಟ್ಟಕ್ಕನ ಮಗ ಹನುಮಂತರಾಜುವನ್ನೇ ಮದುವೆಯಾಗಿ, ಹುಟ್ಟಿದ ಮನೆಯಿಂದ ನಾಲ್ಕು ಮನೆ ಆಚೆಗೆ ಬಂದವಳು. ಗಂಡನಿಗೆ ಲಗೇಜ್ ಆಟೋ ಇದೆ. ಕುರಿಗಳ ಹಿಂದೆ ಹೋಗುವುದು ಪುಟ್ಟಕ್ಕ. ಒಂಬತ್ತು ವರ್ಷದ ಮಗಳು ಗಂಗಾಲಕ್ಷ್ಮಿ ಊರ ಶಾಲೆಗೆ ಹೋಗುತ್ತಾಳೆ. ಅಡುಗೆ ಕಂಟ್ರಾಕ್ಟರ್ ರಂಗಸ್ವಾಮಿಯ ತಂಡದಲ್ಲಿ ಯಶೋದ ಬಡಿಸಲು ಸೇರಿ ಹನ್ನೊಂದು ವರ್ಷವಾಯಿತು.

ಬಡಿಸುವುದು ಕೈಯ ಕೆಲಸ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಅದು ಕಣ್ಣಿನ ಕೆಲಸ. ಓಲಗದವರು ಊದುತ್ತಿರುವಾಗ, ಮೈಕು ಅರಚುತ್ತಿರುವಾಗ, ಸಾಲಿನಲ್ಲಿ ಕೂತ ಇನ್ನೂರು ಜನರಲ್ಲಿ ಯಾರು ಏನೆಂದರೂ ಕೇಳಿಸುವುದಿಲ್ಲ. ಪಾವಗಡದ ಕಡೆ ‘ಚಾಲು ಚಾಲು’ ಎನ್ನುತ್ತಾರೆ, ಶಿರಾದಲ್ಲಿ ಸಾಬರ ಮನೆಯ ಊಟಕ್ಕೆ ಹೋದರೆ ‘ಬಸ್ ಬಸ್’ ಎನ್ನುತ್ತಾರೆ, ಮಧುಗಿರಿಯಲ್ಲಿ ‘ಸಾಕು’. ಮಾತು ಯಾವುದಾದರೂ ಎಲೆಯ ಮೇಲಿನ ಕೈ ಒಂದೇ ಭಾಷೆ ಆಡುತ್ತದೆ. ಅಂಗೈ ಎಲೆಗೆ ತೀರ ಹತ್ತಿರ ಬಂದು ನಿಂತರೆ ನಿಜವಾಗಿಯೂ ಸಾಕು. ಬೆರಳುಗಳು ಅಗಲವಾಗಿ, ಮೇಲೆಲ್ಲೋ ಆಡುತ್ತಿದ್ದರೆ ಅದು ಮರ್ಯಾದೆಯ ಸಾಕು. ಇನ್ನೊಂದು ಸೌಟು ಬೀಳಲೇಬೇಕು. ಬೀಳದಿದ್ದರೆ ಮದುವೆ ಮನೆಯವರ ಮೇಲೆ ಮಾತು ಬರುತ್ತದೆ. ಈ ಲೆಕ್ಕದಲ್ಲಿ ಯಶೋದ ತಪ್ಪಿದ್ದು ಕಡಿಮೆ.

ಅವಳಿಗೆ ಬೇಸರವಿದ್ದದ್ದು ಒಂದೇ ವಿಷಯಕ್ಕೆ. ಸಾಲಿನಲ್ಲಿ ಅವಳಿಗೆ ಹೆಸರಿರಲಿಲ್ಲ. ಕೈಯಲ್ಲಿರುವುದೇ ಹೆಸರು. “ಏ ಸಾಂಬಾರ್, ಇಲ್ಲಿ ಬಾರಮ್ಮ.” “ಪಾಯಸ, ಪಾಯಸ, ನಮ್ಮನ್ನ ಬುಟ್ಟೇ ಹೋದೆಯಲ್ಲ.” ಹನ್ನೊಂದು ವರ್ಷ ಅವಳು ಪಲ್ಯವಾಗಿ, ಅನ್ನವಾಗಿ, ಮಜ್ಜಿಗೆಯಾಗಿ ತಿರುಗಿದಳು. ಯಾರೂ ಎಲೆಯಿಂದ ತಲೆಯೆತ್ತಿ ಮುಖ ನೋಡಿದವರಲ್ಲ.

ಮೊದಲು ನೋಡಿದವನು ಮಲ್ಲೇಶ್.

ಕೊರಟಗೆರೆಯ ಒಂದು ಮದುವೆಯಲ್ಲಿ ಅವನು ಸಾಲಿನ ತುದಿಯಲ್ಲಿ ಕೂತಿದ್ದ. ಕೈತೊಳೆದು ಬಂದವನು ನೇರ ಪಾತ್ರೆಗಳ ಹತ್ತಿರ ಬಂದು ನಿಂತ. “ಮೂರು ಸಲ ಬಂದ್ರಿ. ಮೂರು ಸಲಾನೂ ನಂಗೆ ಬೇಕಾದಷ್ಟೇ ಹಾಕಿದ್ರಿ. ನಾನು ಬಾಯೇ ಬಿಡಲಿಲ್ಲ. ನಿಮ್ಮ ಹೆಸರೇನಮ್ಮ?”

ಹೇಳಿದಳು.

“ಹಡಗಿಗೆ ಕೆಲ್ಸಕ್ಕೆ ಬರ್ತೀರಾ?”

“ಯಾವ ಹಡಗು ಸಾರ್, ಮೀನು ಹಿಡಿಯೋದಾ?”

ಅವನು ನಕ್ಕ. ಒಂಬತ್ತು ವರ್ಷ ಪ್ರವಾಸದ ಹಡಗುಗಳಲ್ಲಿ ಊಟ ಬಡಿಸಿ ಬಂದವನು ಅವನು. ಈಗ ಮಧುಗಿರಿಯಲ್ಲಿ, ಕಿಟಕಿ ತೆರೆದರೆ ಊರಿನ ಏಕಶಿಲಾ ಬೆಟ್ಟ ಇಡಿಯಾಗಿ ಒಳಗೇ ಬಂದಂತೆ ಕಾಣುವ ಒಂದು ಮಹಡಿ ಕೋಣೆಯಲ್ಲಿ, ಅಂಥ ಕೆಲಸಕ್ಕೆ ಹೋಗುವವರಿಗೆ ತರಬೇತಿ ಕೊಡುತ್ತಿದ್ದ. “ಜನ ರಜಾ ಕಳೆಯಕ್ಕೆ ಹೋಗೋ ಹಡಗು. ಊಟ, ನಿದ್ದೆ, ಸಮುದ್ರ. ಬ್ಯಾರೆ ಏನೂ ಇಲ್ಲ. ಮೂರು ತಿಂಗಳಿಗೆ ಬೆಂಗಳೂರಾಗೆ ಇಂಟರ್‌ವ್ಯೂ ಐತೆ. ಮೂವತ್ತೈದು ದಾಟಿದ ಹೊಸಬರನ್ನ ಆ ಕಂಪನಿಯೋರು ತಗೊಳಲ್ಲ. ಯೋಚ್ನೆ ಮಾಡಿ.”

ಯೋಚನೆ ಮಾಡಲು ಏನಿತ್ತು? ಮುಂದಿನ ವರ್ಷದ ಇಂಟರ್‌ವ್ಯೂ ಹೊತ್ತಿಗೆ ಅವಳಿಗೆ ಮೂವತ್ತೈದು ದಾಟಿರುತ್ತದೆ. ಇದೊಂದೇ ಬಾಗಿಲು, ಅದೂ ಒಂದೇ ಸಲ ತೆರೆಯುವಂಥದು.

ಮನೆಯಲ್ಲಿ ಹೇಳಿದ ದಿನ ಹನುಮಂತರಾಜು ಆಟೋದ ಗಾಜನ್ನು ಎರಡು ಸಲ ಒರೆಸಿದ. ಆಮೇಲೆ ಕೇಳಿದ, “ಎಷ್ಟು ತಿಂಗ್ಳು?”

“ಏಳು. ಆಮ್ಯಾಕೆ ಎರಡು ತಿಂಗ್ಳು ರಜ.”

“ನಮ್ಮಪ್ಪ ಕುರಿ ಹೊಡ್ಕೊಂಡು ಆಂಧ್ರದ ಕಡೀಕೆ ಹೋದ್ರೆ ಆರು ತಿಂಗ್ಳು ಬರ್ತಿರಲಿಲ್ಲ,” ಎಂದ ಅವನು. “ಅಮ್ಮ ಏನೂ ಸತ್ತೋಗ್ಲಿಲ್ಲ.”

ಪುಟ್ಟಕ್ಕ ಅಂಗಳದಲ್ಲಿ ಕೂತು ಕುರಿಯ ಗೊರಸಿನ ಮುಳ್ಳು ತೆಗೆಯುತ್ತಿದ್ದಳು. “ಬದುಕಿದ್ದೆ ಅಂತ ನೀನು ನೋಡ್ದೇನ್ಲಾ?” ಎಂದಳು, ತಲೆಯೆತ್ತದೆ. ಗೊರಸು ತಿರುವುತ್ತ, “ಅಲ್ಲಿ ಏನು ಬಡಿಸ್ಬೇಕು?”

ಯಶೋದ ಮಲ್ಲೇಶ್ ಸರ್ ಹೇಳಿದ್ದನ್ನೆಲ್ಲ ಹೇಳಿದಳು. ಹನ್ನೆರಡು ಅಂತಸ್ತು. ಸಮುದ್ರದ ಮೇಲೆ ಹಡಗು, ಹಡಗಿನ ಮೇಲೆ ಈಜುಕೊಳ. ಬೆಳಿಗ್ಗೆ ಹನ್ನೊಂದು ಬಗೆಯ ಬ್ರೆಡ್ಡು. ರಾತ್ರಿ ಊಟಕ್ಕೆ ಐದು ಸುತ್ತು, ಸುತ್ತಿಗೊಂದು ತಟ್ಟೆ. ಮಲಗುವ ಹೊತ್ತಿಗೆ ಟವೆಲಿನಲ್ಲಿ ಆನೆ ಮಡಚಿ ಹಾಸಿಗೆಯ ಮೇಲೆ ಕೂರಿಸಿರುತ್ತಾರೆ. ಮೆತ್ತನೆಯದು, ಗಟ್ಟಿಯದು, ಕುತ್ತಿಗೆ ನೋವಿನವರದು ಎಂದು ದಿಂಬು ಆರಿಸಿಕೊಳ್ಳಲು ಪಟ್ಟಿ ಕೊಡುತ್ತಾರೆ.

“ದಿಂಬಿಗೂ ಪಟ್ಟಿನಾ?” ಪುಟ್ಟಕ್ಕ ಈಗ ತಲೆಯೆತ್ತಿದಳು. “ನಿದ್ದೆ ಬರೋನು ಕಂಬ್ಳಿ ಸುತ್ಕೊಂಡು ಮಲಗ್ತಾನೆ. ಪಟ್ಟಿ ಓದ್ತಾ ಕೂತೋನ್ಗೆ ಎಲ್ಲಿಂದ ಬಂದೀತು ನಿದ್ದೆ?”

“ಮತ್ತೆ ವೈನು ಬಗ್ಗಿಸ್ಬೇಕು ಅತ್ತೆ.” ಇದನ್ನು ಯಶೋದ ಕೊನೆಗೆ ಉಳಿಸಿಕೊಂಡಿದ್ದಳು.

ಬೈಗುಳ ಬರುತ್ತದೆಂದು ಕಾದಳು. ಪುಟ್ಟಕ್ಕ ಮುಳ್ಳು ಕಿತ್ತು ಬೆರಳ ತುದಿಯಲ್ಲಿ ಹಿಡಿದು ನೋಡಿದಳು. “ಕುಡಿಯೋರು ಇಲ್ಲೂ ಅವ್ರೆ. ಅವ್ರಿಗೆ ಯಾರೂ ಬಗ್ಗಿಸ್ಕೊಡ್ಬೇಕಾಗಿಲ್ಲ. ಹೋಗಿ ಕಲ್ತ್ಕ.”

ವಾರಕ್ಕೆ ಮೂರು ದಿನ ಅವಳು ಮಧುಗಿರಿಯ ಬಸ್ಸು ಹತ್ತಿದಳು. ಕೆಂಪು ವೈನಿಗೆ ಹೊಟ್ಟೆ ದಪ್ಪದ ಲೋಟ, ಬಿಳಿಯದಕ್ಕೆ ಸಣ್ಣದು. ಸೀಸೆಯ ಚೀಟಿ ಗಿರಾಕಿಯ ಕಡೆಗೆ. ತರಿಸಿದವರಿಗೆ ಮೊದಲು ಒಂದು ಗುಟುಕು. ಅವರು ತಲೆಯಾಡಿಸಿದ ಮೇಲೆ ಉಳಿದವರಿಗೆ. ನಿಲ್ಲಿಸುವಾಗ ಮಣಿಕಟ್ಟು ತಿರುಗಿಸಬೇಕು, ಹನಿ ಬಟ್ಟೆಗೆ ಬೀಳಬಾರದು. ಒಂದು ದಿನ ಮಲ್ಲೇಶ್ ನಿಜವಾದ ಸೀಸೆಯನ್ನೇ ತೆರೆದು ಮೂಸಿ ನೋಡಲು ಕೊಟ್ಟ. ಮಾಗಿ ನೆಲಕ್ಕೆ ಬಿದ್ದು ಎರಡು ದಿನವಾದ ನೇರಳೆಹಣ್ಣಿನ ವಾಸನೆ ಎಂದು ಅವಳಿಗೆ ಅನ್ನಿಸಿತು. ಅವನು ಕುಡಿ ಎನ್ನಲಿಲ್ಲ, ಅವಳು ಕುಡಿಯಲಿಲ್ಲ. “ಅಷ್ಟು ಗೊತ್ತಾದ್ರೆ ಸಾಕು,” ಎಂದ. “ಆ ವಾಸನೆಗೆ ಜಾಗ ಬೇಕು ಅಂತಾನೇ ಲೋಟದಾಗೆ ಮೂರರಲ್ಲಿ ಒಂದು ಪಾಲು ಬಗ್ಗಿಸೋದು. ಅದಕ್ಕಿಂತ ಜಾಸ್ತಿ ಹಾಕ್ಬಾರ್ದು. ಬಲವಂತಾನೂ ಮಾಡ್ಬಾರ್ದು. ಬೇಡ ಅಂದ್ರೆ ಬೇಡ.”

ಉಳಿದದ್ದನ್ನೆಲ್ಲ ಅವಳು ಬೇಗ ಕಲಿತಳು. ಈ ಮೂರರ ಒಂದು ಪಾಲಿನಲ್ಲಿ ಮಾತ್ರ ಸಿಕ್ಕಿಬಿದ್ದಳು. ಹಟ್ಟಿಯಲ್ಲಿ ಬಂದವರಿಗೆ ನೀರು ಕೊಡುವುದಾದರೆ ತುಂಬ ಕೊಡಬೇಕು. ಲೋಟದ ಕಂಠದಲ್ಲಿ ನೀರು ನಡುಗುತ್ತಿರಬೇಕು. ಹಿರಿಯರಿಗಂತೂ ಹೊರಗೆ ನಾಲ್ಕು ಹನಿ ಚೆಲ್ಲಿದರೂ ಸರಿ, ಕೊರತೆ ಕಾಣಬಾರದು. ಆರು ವರ್ಷದವಳಿದ್ದಾಗಿನಿಂದ ಅವಳ ಕೈ ಕಲಿತದ್ದು ಅದು.

ಬೀಟ್‌ರೂಟ್ ಬೇಯಿಸಿದ ನೀರನ್ನು ಸೀಸೆಗೆ ತುಂಬಿಕೊಂಡು ಅವಳು ಸಂಜೆ ಮನೆಯಲ್ಲಿ ಅಭ್ಯಾಸ ಮಾಡಿದಳು. ಗಿರಾಕಿ ಪುಟ್ಟಕ್ಕ. ಮಲ್ಲೇಶ್ ಕೊಟ್ಟ ಉದ್ದಕಾಲಿನ ಲೋಟವನ್ನು ಸ್ಟೂಲಿನ ಮೇಲಿಟ್ಟು, ಮಡಿಲಿಗೆ ಟವೆಲು ಹಾಸಿ, ಅತ್ತೆಯನ್ನು ಕೂರಿಸಿದಳು. ಬಗ್ಗಿ, ಬಲಗಡೆಯಿಂದ, ಒಂದು ಪಾಲು ಸುರಿದು, ಮಣಿಕಟ್ಟು ತಿರುಗಿಸಿದಳು.

ಪುಟ್ಟಕ್ಕ ಲೋಟ ನೋಡಿದಳು. “ಇದೇನೇ, ಕೂಸಿಗೆ ಔಷ್ದಿ ಹಾಕ್ದಂಗೆ?”

“ಅಷ್ಟೇ ಅತ್ತೆ ಹಾಕೋದು.”

“ನಾನು ಎದ್ದೋಗ್ಲಿ ಅಂತಾನಾ?”

ಬಾಗಿಲಲ್ಲಿ ನಿಂತಿದ್ದ ಹನುಮಂತರಾಜು, “ಅಮ್ಮ, ನೀನೀಗ ಫಾರಿನ್ ಹೆಂಗ್ಸು. ಸಿಟ್ಟು ಮಾಡ್ಕಬಾರ್ದು,” ಎಂದ. ಗಂಗಾ ನಗುತ್ತ ನೆಲಕ್ಕೆ ಬಿದ್ದಳು. ಯಶೋದ ಸೀಸೆ ಹಿಡಿದು ನಿಂತಿದ್ದಳು. ಅತ್ತೆಯ ಮುಖದಲ್ಲಿ ನಿಜವಾಗಿಯೂ ಸಣ್ಣದೊಂದು ನೋವಿತ್ತು. ಅವಳ ಕೈ ಸೋತು, ಲೋಟವನ್ನು ಕಂಠದವರೆಗೂ ತುಂಬಿತು. ಪುಟ್ಟಕ್ಕ ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡಳು.

ಬೆಂಗಳೂರಿನ ಹೋಟೆಲಿನಲ್ಲಿ ಬಿಳಿಯ ಬಟ್ಟೆ ಹಾಸಿದ ಮೇಜಿಗೆ ಮೂವರು ಪರೀಕ್ಷಕರು ಗಿರಾಕಿಗಳಂತೆ ಕೂತಿದ್ದರು. ಇಬ್ಬರು ಗಂಡಸರು, ಕನ್ನಡಕದ ಒಬ್ಬ ಹೆಂಗಸು. ಯಶೋದಳ ಎದೆಯ ಮೇಲೆ ಅವಳ ಹೆಸರು ಬರೆದ ಚೀಟಿ. ಹೆಂಗಸು ಅದನ್ನು ಓದಿ, “ಯಶೋದಾ, ಶುರು ಮಾಡಿ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಸೀಸೆ ತೋರಿಸಿದಳು. ಬಿರಡೆ ಸದ್ದಿಲ್ಲದೆ ಬಂತು. ತರಿಸಿದವನು ಗುಟುಕು ನೋಡಿ ತಲೆಯಾಡಿಸಿದ. ಹೆಂಗಸಿಗೆ ಒಂದು ಪಾಲು, ಹನಿ ಬೀಳಲಿಲ್ಲ. ಮೂರನೆಯವನು ನರೆತ ತಲೆಯ ಹಿರಿಯ. ಅವಳು ಬಗ್ಗಿದಾಗ ಮುಖ ನೋಡಿ ಮೆತ್ತಗೆ ಥ್ಯಾಂಕ್ಸ್ ಎಂದ. ಅಷ್ಟೇ ಸಾಕಾಯಿತು. ಹಿರಿಯರು, ಒಳ್ಳೆಯ ಮಾತು. ಕೈ ನಿಲ್ಲಲಿಲ್ಲ. ಅವಳು ಎಚ್ಚೆತ್ತಾಗ ಲೋಟದ ಕಂಠದಲ್ಲಿ ವೈನು ನಡುಗುತ್ತಿತ್ತು.

ಹೆಂಗಸು ಏನೋ ಬರೆದುಕೊಂಡಳು. ಮೂರು ತಿಂಗಳ ಬಸ್ಸು, ಬೀಟ್‌ರೂಟು, ಮುಂದೆ ಎಂದೂ ತೆರೆಯದ ಬಾಗಿಲು, ಎಲ್ಲವೂ ಒಟ್ಟಿಗೆ ಅವಳ ಕಣ್ಣಮುಂದೆ ಬಂದವು. ಅವಳು ಸೀಸೆಯನ್ನು ಕೆಳಗಿಟ್ಟು, ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: “ಕ್ಷಮಿಸಿ ಸರ್. ನಮ್ಮೂರಿನಲ್ಲಿ ಅರ್ಧ ಲೋಟ ಕೊಡುವುದು ಬೇಗ ಎದ್ದು ಹೋಗಲಿ ಎನ್ನುವವರಿಗೆ. ನೀವು ಕೂತಿರಬೇಕು ಅಂತ ನನ್ನ ಕೈ ತಿಳಿದುಕೊಂಡಿತು. ಬೇರೆ ಲೋಟ ತರುತ್ತೇನೆ.”

ಹಿರಿಯ ನಕ್ಕ. ಹೆಂಗಸು ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟಳು. ಯಶೋದ ತುಂಬಿದ ಲೋಟವನ್ನು ತಟ್ಟೆಯ ಮೇಲಿಟ್ಟು ಒಂದು ಹನಿಯೂ ತುಳುಕದಂತೆ ಒಯ್ದು, ಹೊಸದನ್ನು ತಂದು, ಒಂದು ಪಾಲು ಸುರಿದಳು.

ಊಟ ಮುಂದುವರಿಯಿತು. ಈಗ ಅವಳಿಗೆ ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಆದ್ದರಿಂದ ಸಾಲಿನಲ್ಲಿ ನೋಡುವಂತೆಯೇ ನೋಡತೊಡಗಿದಳು. ಹೆಂಗಸಿನ ಲೋಟ ಬರಿದಾಗಿತ್ತು. ಪಕ್ಕದವನ ಜೊತೆ ಮಾತಾಡುತ್ತಲೇ ಆಕೆಯ ಎರಡು ಬೆರಳು ಲೋಟದ ಬಾಯಿಯ ಅಂಚಿಗೆ ಬಂದು ಕೂತವು. ಯಶೋದ ಸೀಸೆ ತೆಗೆದುಕೊಂಡು ಹೊರಟವಳು ಮಾತಿಲ್ಲದೆ ಹಿಂದಕ್ಕೆ ಸರಿದಳು. ಹಿರಿಯ ಬ್ರೆಡ್ಡಿನ ಬುಟ್ಟಿಗೆ ಬೇಡ ಬೇಡ ಎಂದ. ಬೆರಳುಗಳು ಅಗಲವಾಗಿ ಗಾಳಿಯಲ್ಲಿ ಆಡುತ್ತಿದ್ದವು. ತಟ್ಟೆಗೆ ಹಾಕುವಂತಿರಲಿಲ್ಲ, ಬಲವಂತ ಕೂಡದು. ಅವಳು ಬುಟ್ಟಿಯನ್ನು ಅವನ ಕೈಗೆ ಎಟುಕುವಷ್ಟು ಹತ್ತಿರ ಹಿಡಿದು ಒಂದು ಉಸಿರು ತಡೆದಳು. ಅವನು ಒಂದನ್ನು ತೆಗೆದುಕೊಂಡ. ಆಮೇಲೆ ಇನ್ನೊಂದನ್ನೂ.

“ನಾನು ಬೇಡ ಅಂದೆನಲ್ಲ?” ಎಂದ ಹಿರಿಯ.

“ನೀವು ಅಂದಿರಿ ಸರ್,” ಎಂದಳು. “ಕೈ ಅನ್ನಲಿಲ್ಲ.”

ಒಂಬತ್ತನೆಯ ದಿನ ಮಲ್ಲೇಶ್ ಫೋನು ಮಾಡಿದ. ವೈನಿನ ವಿಭಾಗಕ್ಕೆ ಅವಳನ್ನು ತೆಗೆದುಕೊಂಡಿರಲಿಲ್ಲ. ದೊಡ್ಡ ಊಟದ ಹಾಲಿನಲ್ಲಿ ಬಡಿಸುವವರ ಸಹಾಯಕಿಯಾಗಿ ತೆಗೆದುಕೊಂಡಿದ್ದರು. ಒಂದು ವರ್ಷದ ನಂತರ ವೈನಿನ ಪರೀಕ್ಷೆಯನ್ನು ಹಡಗಿನಲ್ಲೇ ಮತ್ತೆ ಕೊಡಬಹುದು. ಯಶೋದ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು.

“ಏನಂತೆ?” ಪುಟ್ಟಕ್ಕ ಕೇಳಿದಳು.

“ತಗೊಂಡವ್ರೆ ಅತ್ತೆ. ವೈನಿಗೆ ಅಲ್ಲ, ಊಟಕ್ಕೆ.”

“ಒಳ್ಳೇದೇ ಆಯ್ತು ಬುಡು,” ಎಂದಳು ಪುಟ್ಟಕ್ಕ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಗಂಗಾ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ಟವೆಲಿನ ಆನೆ ಮಾಡುವುದನ್ನು ತನಗೂ ಕಲಿಸು ಎಂದು ಬಂದಳು. ಯಶೋದ ಕಲಿಸಿದಳು. ಮಗಳ ಆನೆಗೆ ಸೊಂಡಿಲು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಅದನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಕೊನೆಗೆ ಅದು ಎಮ್ಮೆ ಎಂದು ಒಪ್ಪಿಕೊಂಡರು.

ಹೊರಡುವ ದಿನ ಹನುಮಂತರಾಜು ಅವಳನ್ನು ಆಟೋದಲ್ಲಿ ಹೆದ್ದಾರಿಯವರೆಗೆ ಕರೆದುಕೊಂಡು ಬಂದ. ಗಂಗಾಳೂ ಇದ್ದಳು. ಬೆಂಗಳೂರಿಗೆ ಬಸ್ಸು, ಅಲ್ಲಿಂದ ಮುಂಬೈಗೆ ರೈಲು, ಅಲ್ಲಿ ಹಡಗು. ಅವಳು ಹೊಸ ಕಪ್ಪು ಬೂಟು ಹಾಕಿದ್ದಳು. ಅದು ಕಚ್ಚುತ್ತಿದೆಯೋ ಎಂದು ಗಂಡ ಕೇಳಿದ. ಇಲ್ಲ ಎಂದಳು. ಕಚ್ಚುತ್ತಿತ್ತು.

“ಬಾವ, ಬುಧವಾರ ಇವಳಿಗೆ ಯೂನಿಫಾರಂ ಇಲ್ಲ, ಬಣ್ಣದ್ದು ಹಾಕು. ಜಡೆ ಬಿಗಿಯಾಗಿ ಎಳೀಬ್ಯಾಡ. ಅತ್ತೆಗೆ ಕಣ್ಣಿನ ಹನಿ, ಬ್ಯಾಡ ಅಂತಾಳೆ, ಕೇಳ್ಬ್ಯಾಡ, ಹಿಡ್ದು ಹಾಕು.”

“ಆಯ್ತು.”

“ಭಾನುವಾರ ನಾನೇ ಫೋನ್ ಮಾಡ್ತೀನಿ. ಸಿಗ್ನಲ್ ಇಲ್ಲ ಅಂದ್ರೆ ಗಾಬ್ರಿ ಆಗ್ಬ್ಯಾಡ, ನಡು ಸಮುದ್ರದಾಗೆ ಇರ್ತೀನಿ ಅಂತ ತಿಳ್ಕೊ.”

“ಆಯ್ತು ಕಣೆ. ನೀನು ಹುಷಾರು.”

ಬಸ್ಸು ಬಂದು ನಿಂತಿತು. ಯಶೋದ ಮಗಳ ಕೆನ್ನೆ ಮುಟ್ಟಿದಳು, ಬ್ಯಾಗು ಹೆಗಲಿಗೇರಿಸಿದಳು, ಎರಡು ಹೆಜ್ಜೆ ಹೋಗಿ ತಿರುಗಿದಳು. “ಮತ್ತೆ ಬಾವ, ಅಟ್ಟದ ಮೇಲೆ ರಾಗಿಹಿಟ್ಟಿನ ಡಬ್ಬ ಐತಲ್ಲ, ಅದರ ಹಿಂದೆ ಗಂಗಾಗೆ ಅಂತ ನಾನು ದುಡ್ಡು ಇಟ್ಟಿದೀನಿ,” ಎನ್ನುತ್ತ, ಬೂಟು ಕಚ್ಚುವ ಕಾಲನ್ನು ಬೇಗಬೇಗ ಎತ್ತಿಡುತ್ತ, ಅವಳು ಬಸ್ಸಿನ ಬಾಗಿಲ ಕಡೆಗೆ ಓಡಿದಳು.