ಉತ್ತರ ಬೇಡದ ಪ್ರಶ್ನೆ

ನಾನು ಇಂಗ್ಲಿಷ್ ಕಲಿಸುವ ಶಾಲೆ ಕಂಬಂ ಕಣಿವೆಯ ಒಂದು ಊರಿನಲ್ಲಿದೆ. ತೇನಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ಕನ್ನಡದ ಅಕ್ಷರಗಳನ್ನು ಕಲಿತದ್ದು ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ. ನಮ್ಮ ಶಾಲೆಯ ಕೆಲವು ಮಕ್ಕಳ ಮನೆಯಲ್ಲೂ ಕನ್ನಡವೇ. ಆದರೆ ತರಗತಿಯೊಳಗೆ ಅದು ಕೇಳಿಬರುವುದಿಲ್ಲ. ಗೇಟಿನ ಹೊರಗೆ ಅಜ್ಜಿಯರು ಬಂದು ಕೂಗಿದಾಗ ಮಾತ್ರ ಯಾರು ಯಾರೆಂದು ಗೊತ್ತಾಗುತ್ತದೆ.

ಎಂಟರಿಂದ ಹತ್ತನೇ ತರಗತಿಯವರೆಗೆ ಪ್ರತಿವರ್ಷವೂ ಅಲಂಕಾರಗಳನ್ನು ಕಲಿಸಬೇಕು. ಪರೀಕ್ಷೆಯಲ್ಲಿ ಒಂದು ಸಾಲು ಕೊಟ್ಟು ಇದು ಯಾವ ಅಲಂಕಾರ ಎಂದು ಕೇಳುತ್ತಾರೆ. ಮಕ್ಕಳು ಅದಕ್ಕೊಂದು ಒಳದಾರಿ ಕಂಡುಕೊಂಡಿದ್ದಾರೆ. ಸಾಲಿನಲ್ಲಿ ‘ಲೈಕ್’ ಇದ್ದರೆ ಸಿಮಿಲಿ. ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಅಲಿಟರೇಷನ್. ಮರವೋ ಗಾಳಿಯೋ ಮಾತಾಡಿದರೆ ಪರ್ಸಾನಿಫಿಕೇಷನ್. ಇದ್ಯಾವುದೂ ಅಲ್ಲದಿದ್ದರೆ ಮೆಟಫರ್. ಈ ದಾರಿಯಲ್ಲಿ ಅಂಕವೂ ಬರುತ್ತದೆ, ಹಾಗಾಗಿ ನಾನು ತಡೆಯಲು ಹೋಗುವುದಿಲ್ಲ. ಅವರು ತಡವರಿಸುವುದು ಒಂದರ ಮುಂದೆ: ಉತ್ತರ ಬೇಕಾಗಿಲ್ಲದೆ ಕೇಳುವ ಪ್ರಶ್ನೆ. ಉತ್ತರ ಬೇಡವಾದರೆ ಯಾಕೆ ಕೇಳಬೇಕು ಎಂಬುದು ಅವರ ತಕರಾರು.

ಒಂಬತ್ತನೇ ತರಗತಿಯಲ್ಲಿ ಒಮ್ಮೆ ಉದಾಹರಣೆಗೆಂದು, ರಜೆ ಎಂದರೆ ಯಾರಿಗೆ ಇಷ್ಟವಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಕೈಯೆತ್ತಿ ತಮಿಳಿನಲ್ಲಿ ಹೇಳಿದ.

“ನನಗೆ ಇಷ್ಟ ಇಲ್ಲ ಮಿಸ್. ರಜೆ ದಿನ ತೋಟಕ್ಕೆ ಅಟ್ತಾರೆ.”

ತರಗತಿ ನಕ್ಕಿತು. ಅವನು ನಗಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದ.

ಪುಸ್ತಕದ ಉದಾಹರಣೆಗಳಿಂದ ಇದು ಆಗದು ಅನ್ನಿಸಿತು. ಅವತ್ತು ಮನೆಗೆಲಸವಾಗಿ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ, ಮನೆಯ ಮಾತಿನಲ್ಲೇ, ಉತ್ತರ ಬೇಡದ ಒಂದು ಪ್ರಶ್ನೆ ಕೇಳಬೇಕು. ಏನಾಯಿತೆಂದು ಬಂದು ಹೇಳಬೇಕು.

ಮರುದಿನ ಒಳ್ಳೆಯ ಗಲಾಟೆ. ಒಬ್ಬ ತಟ್ಟೆಯ ಮುಂದೆ ಕೂತು, “ಇದನ್ನ ಸಾಂಬಾರು ಅಂತಾರಾ?” ಎಂದು ಕೇಳಿದನಂತೆ, ಅವನಮ್ಮ ತಟ್ಟೆಯನ್ನೇ ಎತ್ತಿಕೊಂಡು ಹೋದಳಂತೆ. ಇನ್ನೊಬ್ಬಳು ತಮ್ಮನಿಗೆ, “ನಿನಗೆ ಕಣ್ಣಿಲ್ವಾ?” ಅಂದಾಗ ಅವನು ಕಣ್ಣು ತೋರಿಸಿದನಂತೆ. ಕೊನೆಗೆ ಪಾಠ ಅವರಿಗೆ ಅರ್ಥವಾಗಿತ್ತು. ಕಿಟಕಿ ಪಕ್ಕದಲ್ಲಿ ಕೂರುವ ಒಬ್ಬ ಹುಡುಗಿ ಮಾತ್ರ ಏನೂ ಹೇಳಲಿಲ್ಲ. ಓದಿನಲ್ಲಿ ಸಾಧಾರಣ, ಕೇಳಿದರೆ ಮಾತ್ರ ಬಾಯಿ ಬಿಡುವವಳು. ಅವಳಪ್ಪ ತೀರಿಹೋಗಿದ್ದ. ತಾಯಿಯೊಂದಿಗೆ ತಾತನ ಮನೆಯಲ್ಲಿದ್ದಳು. ನಾನೂ ಒತ್ತಾಯಿಸಲಿಲ್ಲ.

ಅದೇ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ತಾತ ಶಾಲೆಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು ತಮಿಳಿನಲ್ಲಿ, ಇಂಗ್ಲಿಷ್ ಟೀಚರ್ ಯಾರು ಎಂದು ಕೇಳಿದರು. ನಾನು ಎದ್ದು ನಿಂತು, ಯೋಚಿಸದೆಯೇ, “ಒಳಗೆ ಬನ್ನಿ ತಾತ, ಕೂತ್ಕಳ್ಳಿ” ಅಂದುಬಿಟ್ಟೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಮ್ಮ ಮಾತು ಬರ್ತದಾ ನಿಂಗೆ?”

“ಬರ್ತದೆ.”

“ಹಂಗಾರೆ ಸುಲಭ ಆಯ್ತು,” ಎಂದು ಕುರ್ಚಿ ಎಳೆದು ಕೂತರು. “ನಮ್ಮ ಕೂಸಿಗೆ ಏನು ಪಾಡ ಹೇಳಿಕೊಟ್ಟೆ ತಾಯೀ? ದೊಡ್ಡೋರ ಮುಂದೆ ಎದುರು ಪೇಚು ಪೇಸೋದು ಪುಸ್ತಕದಾಗೆ ಅದೆಯಾ?”

ಪೇಚು ಎಂದರೆ ತಮಿಳಿನಲ್ಲಿ ಮಾತು. ನಡೆದದ್ದನ್ನು ಅವರೇ ಹೇಳಿದರು. ಅವರಿಗೆ ದ್ರಾಕ್ಷಿ ತೋಟವಿದೆ. ಸತ್ತ ಹಿರಿಮಗನ ಪಾಲಿನ ಪಂದಲನ್ನು, ಅಂದರೆ ಬಳ್ಳಿ ಹಬ್ಬಿಸಿದ ಚಪ್ಪರವನ್ನು, ಹೊರಗಿನವರೊಬ್ಬರಿಗೆ ಗುತ್ತಿಗೆ ಕೊಡುವುದೆಂದು ಅವರೂ ಕಿರಿಮಗನೂ ಊಟಕ್ಕೆ ಕೂತು ಮಾತಾಡುತ್ತಿದ್ದರು. ಸೊಸೆ ಬಡಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ತಲೆಯೆತ್ತದೆ ಕೇಳಿದಳಂತೆ: “ಅವ್ವಂಗೆ ಬಾಯಿ ಇಲ್ವಾ?”

ಚಿಕ್ಕಪ್ಪ ಬೈದ. ಅವಳು, ಇದು ಟೀಚರ್ ಕೊಟ್ಟ ಪಾಠ, ಇಂಥ ಕೇಳ್ವಿಗೆ ಯಾರೂ ಪದಿಲು ಹೇಳಬೇಕಾಗಿಲ್ಲ ಅಂದಳು. ನಮ್ಮ ಕಡೆ ಉತ್ತರಕ್ಕೆ ತಮಿಳಿನ ‘ಪದಿಲು’ ಎಂಬ ಮಾತೇ ಬಳಕೆ.

“ಅಷ್ಟಕ್ಕೇ ನಿಂತಿದ್ರೆ ನಾನು ಬರ್ತಿರ್ಲಿಲ್ಲ,” ಎಂದರು ತಾತ. “ನನ್ನ ಸೊಸೆ ಪದಿಲು ಹೇಳ್ಬಿಟ್ಟಳು. ಸೌಟು ಕೆಳಗಿಟ್ಟು, ‘ಅದೆ’ ಅಂದಳು. ‘ಬಾಯಿ ಅದೆ ಮಾವಾ. ಪಂದಲು ನಾನೇ ನೋಡ್ಕಂತೀನಿ, ಗುತ್ತಿಗೆ ಬೇಡ’ ಅಂದಳು. ಮದುವೆಯಾಗಿ ಬಂದ ಮೇಲೆ ನನ್ನ ಮುಂದೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.”

ನಾನು ಪುಸ್ತಕ ತೆರೆದು ಆ ಪಾಠ ತೋರಿಸಿದೆ. ಅವರು ಇಂಗ್ಲಿಷ್ ಓದಲಾರರು; ಹಾಳೆಯನ್ನು ಮುಟ್ಟಿ ನೋಡಿ, ನಮ್ಮ ಮಾತಿನಲ್ಲಿ ಹೇಳು ಅಂದರು. ಪ್ರಶ್ನೆಯ ರೂಪದಲ್ಲಿರುತ್ತದೆ, ಆದರೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಎದುರಿನವರು ಯೋಚಿಸಲಿ ಎಂದು ಹಾಗೆ ಹೇಳುವುದು ಎಂದೆ.

“ಯೋಚಿಸೋಕಾ?”

“ಹೂಂ ತಾತ.”

ಹೊರಗೆ ಮಕ್ಕಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು.

“ಹಂಗಾರೆ ನನ್ನ ಸೊಸೆಗೆ ಪಾಡ ಗೊತ್ತಿಲ್ಲ,” ಎಂದರು.

“ಅವರು ಕೇಳಿದ್ದಕ್ಕೆ ಹೇಳಿದ್ರು ಅಷ್ಟೇ. ನೀವು ಏನಂದ್ರಿ?”

“ಏನನ್ನಲಿ? ತಟ್ಟೆಯಾಗೆ ಕೈ ತೊಳಕೊಂಡು ಎದ್ದೆ.”

ಅವರು ಮುಖ್ಯೋಪಾಧ್ಯಾಯಿನಿಯ ಕೋಣೆಗೂ ಹೋಗುತ್ತಾರೋ ಎಂದು ನನಗೆ ಅಳುಕಿತ್ತು. ಹೋಗಲಿಲ್ಲ. ನಮ್ಮ ಮನೆ ಯಾವ ಊರು, ಅಪ್ಪ ಏನು ಬೆಳೆಯುತ್ತಿದ್ದರು ಎಂದೆಲ್ಲ ವಿಚಾರಿಸಿದರು. ಒಟ್ಟನ್‌ಛತ್ರದ ಸಂತೆಯಲ್ಲಿ ನಮ್ಮ ಅಪ್ಪನನ್ನು ಕಂಡಿರಬಹುದು ಅಂದರು. ಕಂಡಿರಲಾರರು, ಅಪ್ಪ ಹತ್ತಿರದ ಬತ್ತಲಗುಂಡಿನಾಚೆ ತರಕಾರಿ ಒಯ್ದವರೇ ಅಲ್ಲ. ಆದರೂ ಹೂಂ ಅಂದೆ. ಹೊರಡುವಾಗ, “ಕೂಸು ಓದ್ಲಿ. ಪೇಚು ಮಾತ್ರ ಅಳತೆಯಾಗೆ ಇರ್ಲಿ ಅಂತ ಹೇಳು” ಎಂದರು. ಹೇಳುತ್ತೇನೆ ಅಂದೆ. ಹೇಳಲಿಲ್ಲ.

ಪಂದಲು ಗುತ್ತಿಗೆಗೆ ಹೋಗಲಿಲ್ಲ. ಇದು ನನಗೆ ಗೊತ್ತಾದದ್ದು ಹುಡುಗಿ ಕೆಲವು ದಿನ ತಡವಾಗಿ ಬರತೊಡಗಿದಾಗ. ಕೇಳಿದರೆ, ಬಳ್ಳಿ ಸವರುವ ಕಾಲ, ಆಳುಗಳು ಬರುವ ಮುಂಚೆ ಅವ್ವನ ಜೊತೆ ತೋಟಕ್ಕೆ ಹೋಗಿ ಬರುತ್ತೇನೆ ಎಂದಳು. ಚಿಕ್ಕಪ್ಪ ಅಷ್ಟರಲ್ಲಿ ತನ್ನ ಪಾಲು ಬೇರೆ ಮಾಡಿಕೊಂಡು ಅದೇ ಮನೆಯ ಇನ್ನೊಂದು ಬಾಗಿಲಲ್ಲಿ ಒಲೆ ಹೂಡಿದ್ದ. ಅವನ ಮಗಳು ಇವಳ ಜೊತೆಯೇ ಸೈಕಲ್ಲಿನಲ್ಲಿ ಟ್ಯೂಷನ್‌ಗೆ ಹೋಗುತ್ತಿದ್ದಳು, ಅದು ನಿಂತಿತು. ಇಬ್ಬರೂ ನನ್ನ ಶಾಲೆಯವರೇ. ಕಾರಿಡಾರಿನಲ್ಲಿ ಎದುರಾದರೆ ಒಬ್ಬಳು ಗೋಡೆ ಕಡೆ ನೋಡುತ್ತಿದ್ದಳು. ಒಂದು ಮನೆಗೆಲಸ ಇಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ಅದರ ಬಗ್ಗೆ ಸಂತೋಷಪಡಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಯೋಚಿಸಿದ್ದುಂಟು. ಇಳಿಯುವ ನಿಲ್ದಾಣ ಬರುತ್ತಿತ್ತು, ಇಳಿಯುತ್ತಿದ್ದೆ.

ಮೊದಲ ಬೆಳೆ ಚೆನ್ನಾಗಿ ಬರಲಿಲ್ಲ. ಹೂ ಬಿಡುವ ಹೊತ್ತಿಗೆ ಮಳೆ ಹಿಡಿದು ಗೊಂಚಲು ಉದುರಿತು. ಊರಲ್ಲಿ ಎಲ್ಲರದೂ ಹಾಗೇ ಆಗಿತ್ತು. ಆದರೆ ಜನ ಆಡಿಕೊಂಡದ್ದು ಆ ಹೆಂಗಸಿನ ತೋಟವನ್ನು. ಮುಂದಿನ ಬೆಳೆ ಪರವಾಗಿಲ್ಲ ಎಂದು ಕೇಳಿಬಂತು. ತಾತನೇ ಲಾರಿಗೆ ಪೆಟ್ಟಿಗೆ ಹತ್ತಿಸಲು ನಿಂತಿದ್ದರಂತೆ.

ಹುಡುಗಿ ಹತ್ತನೇ ತರಗತಿಗೆ ಬಂದ ಮೇಲೆ ಪೋಷಕರ ಸಭೆಗೆ ಅವಳ ತಾಯಿ ಬಂದಳು. ಅದುವರೆಗೆ ಯಾವ ಸಭೆಗೂ ಬಂದವಳಲ್ಲ. ಚಿಕ್ಕಪ್ಪ ಬಂದು ಹೋಗುತ್ತಿದ್ದ. ನನಗಿಂತ ಚಿಕ್ಕವಳು ಅನ್ನಿಸಿತು. ಬೆರಳ ತುದಿಗಳು ದ್ರಾಕ್ಷಿಯ ಕೆಲಸದಿಂದ ಕಪ್ಪಿಟ್ಟಿದ್ದವು. ನನ್ನ ಮೇಜಿನೆದುರು ಕೂತು, ಮಗಳ ಉತ್ತರಪತ್ರಿಕೆಯನ್ನು ತಿರುವಿ, ಕೆಂಪು ಗೆರೆ ಬಿದ್ದಲ್ಲೆಲ್ಲ ನಿಲ್ಲಿಸಿ ಕೇಳಿದಳು.

“ಇಲ್ಲಿ ಯಾಕೆ ಕಮ್ಮಿ ಹಾಕಿದೀಯ ಅಕ್ಕಾ?”

ಕ್ರಿಯಾಪದದ ಕಾಲ ತಪ್ಪಿದೆ ಎಂದು ವಿವರಿಸಿದೆ.

“ಇಲ್ಲಿ?”

ಅಲ್ಲಿಯೂ ಅದೇ ತಪ್ಪು. ಅವಳು ಮಗಳ ಕಡೆ ತಿರುಗಿ, ಇದನ್ನು ಯಾವಾಗ ಸರಿ ಮಾಡಿಕೊಳ್ಳುತ್ತೀಯ ಎಂದು ಕೇಳಿದಳು. ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯೊಳಗೆ ಎಂದಳು. ತಾಯಿ ಇನ್ನೊಂದು ಹಾಳೆ ತಿರುವಿದಳು. ಹಿಂದೆ ಬೇರೆ ಪೋಷಕರು ಸಾಲು ನಿಂತಿದ್ದರು; ಅವಳಿಗೆ ಅವಸರವಿರಲಿಲ್ಲ.