ನನ್ನ ಕೈಯಾರೆ ಬರೆದ ಇಲ್ಲಗಳು

ಇವತ್ತು ಬೆಳಿಗ್ಗೆ ಪೂಜೆಗೆ ಕುಳಿತವಳಿಗೆ ಹೆಂಚಿನ ಮೇಲೆ ರೊಟ್ಟಿ ಇರುವುದೇ ಮರೆತುಹೋಯಿತು. ಸೀದ ವಾಸನೆ ದೇವರ ಮನೆಯವರೆಗೂ ಬಂತು. ಆ ವಾಸನೆಗೇ ಅವಳು ನೆನಪಾದಳು... ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆಯ ಸೊಸೆ.

ಎಂಬತ್ತರ ದಶಕದ ಆರಂಭದ ಮಾತು. ವಾರಕ್ಕೆ ಎರಡು ಮೂರು ಸಲವಾದರೂ ಅವರ ಮನೆಯಲ್ಲಿ ರೊಟ್ಟಿ ಸೀಯುತ್ತಿತ್ತು. ಒಲೆಯ ಮುಂದೆ ಕುಳಿತಲ್ಲೇ ತೂಕಡಿಸುವಳು. ಮಗಳಿಗೆ ಜಡೆ ಹಾಕುತ್ತಾ ಹಾಕುತ್ತಾ ಕೈ ನಿಂತುಬಿಡುವುದು. ರಾತ್ರಿ ಅವಳ ಗೊರಕೆ ಗೋಡೆಯಾಚೆ ನನಗೆ ಕೇಳುತ್ತಿತ್ತು. ನಡುವೆ ಉಸಿರೇ ನಿಂತಂತಾಗಿ, ಮತ್ತೆ ನೀರಿನಿಂದ ಮೇಲೆದ್ದವಳಂತೆ ಏದುಸಿರು ಬಿಡುವಳು. ಬೆಳಗಾದರೆ ಅವಳಿಗೆ ಅದರ ಅರಿವೇ ಇಲ್ಲ. ಗಂಡ ಹೊಡೆಯುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಅತ್ತೆಯ ಬಾಯಿ ಮಾತ್ರ ಬಿಡುತ್ತಿರಲಿಲ್ಲ.

“ಹಗಲೊತ್ತು ಮಲಗೋ ಹೆಣ್ಣು ಮನೆಗೆ ದರಿದ್ರ ರೀ. ಇನ್ನೊಂದ್ ಸಲ ಒಲೆ ಮುಂದೆ ಕಣ್ಣು ಮುಚ್ಚಿದ್ರೆ ತವರಿಗೆ ಅಟ್ಟತೀನಿ, ಹರಿಹರ ಏನು ದೂರ ಐತೆ? ಮೊಮ್ಮಗಳು ಮಾತ್ರ ನಮ್ಮನೇಲೇ ಇರ್ತಾಳೆ!” ಎಂದು ಓಣಿಗೆಲ್ಲ ಕೇಳುವಂತೆ ಅಂದಿದ್ದರು.

ಇದು ಸೋಮಾರಿತನವಲ್ಲ, ಕಾಯಿಲೆ ಅನಿಸಿತು ನನಗೆ. ಆಸ್ಪತ್ರೆಯೊಂದರಲ್ಲಿ ನಿದ್ದೆಯ ತೊಂದರೆ ಇದ್ದವರನ್ನು ನೋಡುತ್ತಾರೆಂದು ಕೇಳಿದ್ದೆ. ಕಾಯಿಲೆ ಎಂಬ ಮಾತು ಡಾಕ್ಟರ ಬಾಯಿಂದ ಬಂದರೆ ತಾಯಿ ಮಗಳು ಅಗಲುವುದು ತಪ್ಪೀತು ಎಂದು ಅವಳನ್ನು ಅಲ್ಲಿಗೆ ಕರೆದೊಯ್ದೆ. ಅತ್ತೆಯೂ ಹೊರಟರು. ಬೇಡ ಎನ್ನಲು ನಾನ್ಯಾರು?

ಡಾಕ್ಟರಮ್ಮ ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟರು. ಅವಳಿಗೆ ಓದು ಬಾರದು, ಪೆನ್ನು ನನ್ನ ಕೈಗೆ ಬಂತು.

“ಅವರು ಹೇಳಿದ್ದನ್ನೇ ಬರೀರಿ. ನೀವಾಗಿ ಏನೂ ಸೇರಿಸಬ್ಯಾಡ್ರಿ,” ಎಂದರು.

ಬೆಂಚಿನ ಮೇಲೆ ಅವಳ ಮಗ್ಗುಲಲ್ಲೇ ಅತ್ತೆ. ಗೊರಕೆ ಹೊಡೆಯುತ್ತೀರಾ ಎಂಬುದನ್ನು ಓದಿ ಹೇಳಿದೆ.

“ಅಯ್ಯ, ಹೆಣ್ಮಕ್ಳು ಗೊರಕೆ ಹೊಡೀತಾರೇನಕ್ಕಾ! ಇಲ್ಲ ಅಂತ ಬರಿ,” ಎಂದಳು ಅವಳು.

“ಹಗಲೊತ್ತು ತೂಕಡಿಕೆ ಬರ್ತೈತಾ?”

ಅವಳು ಅತ್ತೆಯ ಕಡೆ ನೋಡಿದಳು. “ಇಲ್ಲಕ್ಕಾ. ನಾನು ಹಗಲು ಮಲಗೋದೇ ಇಲ್ಲ.”

“ಹೂಂ, ನಮ್ಮನೇಲಿ ಒಲೆ ಮಲಗ್ತೈತೆ, ಇವಳಲ್ಲ,” ಎಂದು ಅತ್ತೆ ನಕ್ಕರು.

ಆ ಮಾತಿಗೆ ಹಾಳೆಯಲ್ಲಿ ಜಾಗವಿರಲಿಲ್ಲ. ರಾತ್ರಿ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿದ್ದುದನ್ನು ಡಾಕ್ಟರಮ್ಮನಿಗೆ ಹೇಳಲು ಬಾಯಿ ತೆರೆದೆ. ಅವಳು ಸೆರಗಿನ ಮರೆಯಲ್ಲಿ ನನ್ನ ಮಣಿಕಟ್ಟು ಹಿಡಿದಳು. ಕೊನೆಯವರೆಗೂ ‘ಇಲ್ಲ’ ಎಂದೇ ಬರೆದೆ. ಡಾಕ್ಟರಮ್ಮ ಹಾಳೆಯನ್ನಷ್ಟೇ ನೋಡಿ, “ನಿದ್ದೆ ಕಾಯಿಲೆ ಏನೂ ಇಲ್ಲ,” ಎಂದು ಟಾನಿಕ್ ಬರೆದುಕೊಟ್ಟರು.

ಅತ್ತೆಗೆ ಅಷ್ಟೇ ಸಾಕಾಯಿತು. “ಡಾಕ್ಟ್ರೇ ಹೇಳಿದ್ರಲ್ಲ, ಕಾಯಿಲೆ ಇಲ್ಲ ಅಂತ. ಬರೇ ಸೊಕ್ಕು.”

ಮತ್ತೆ ರೊಟ್ಟಿ ಸೀದ ದಿನ ಅವಳ ಟ್ರಂಕು ಬೀದಿಗೆ ಬಂತು. ಮಗಳನ್ನು ಕಳಿಸಲಿಲ್ಲ. ಬಸ್ ನಿಲ್ದಾಣದವರೆಗೆ ನಾನು ಹೋದೆ. ಮಗಳ ಹೆಸರು ಹಿಡಿದು ಅಳುತ್ತಿದ್ದವಳು ಕಿಟಕಿಯ ಸರಳಿಗೆ ತಲೆ ಆನಿಸಿದಳು. ಬಸ್ಸು ಹೊರಡುವ ಮೊದಲೇ, ಕೆನ್ನೆಯ ನೀರು ಆರುವ ಮೊದಲೇ, ನಿದ್ದೆ ಹೋಗಿದ್ದಳು...

ಆಮೇಲೆ ಎರಡು ಸಲ ಹರಿಹರಕ್ಕೆ ಹೋಗಿ ಕೇಳಿದೆ. ಅವಳ ತವರಿನವರು ಊರು ಬಿಟ್ಟಿದ್ದರು.

ಈಗ ನಾನು ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುತ್ತೇನೆ. ನನ್ನ ಸೊಸೆ ಬಾಗಿಲು ಮುಂದೆ ಮಾಡಿ, ಮಕ್ಕಳನ್ನು ಗದರಿಸಿ ಸುಮ್ಮನಿರಿಸುತ್ತಾಳೆ. ಇಂಥದ್ದೊಂದು ಕರುಣೆ ನನಗೆ ಕೊಟ್ಟ ದೇವರು ಆ ಪಕ್ಕದ ಮನೆಯವಳಿಗೂ ಎಲ್ಲಾದರೂ ಕೊಟ್ಟನೋ ಇಲ್ಲವೋ. ಅವಳು ಇದ್ದಾಳೋ, ಅದೂ ತಿಳಿಯದು.